ಸಾಕ್ಷ್ಯ ಓದುವ ಕಂಪ್ಯೂಟರ್‌ಗೆ ಏನೇನು ಬೇಕು



ಹುಣಸೂರು ಪೇಟೆಯ ಅಂಗಡಿಯೊಂದರಲ್ಲಿ ಕಳವಾಯಿತು ಎಂದಿಟ್ಟುಕೊಳ್ಳಿ. ಪೊಲೀಸರು ಬಂದು ಮಹಜರು ಮಾಡುತ್ತಾರೆ, ಸಿಸಿಟಿವಿಯ ಡಿವಿಆರ್ ಪೆಟ್ಟಿಗೆ ಬಿಚ್ಚಿ ಮೊಹರು ಹಾಕುತ್ತಾರೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬೇಟೆಯ ಮೊಕದ್ದಮೆಯಾದರೆ ಅಮಾನತಾಗುವುದು ಕ್ಯಾಮೆರಾ ಟ್ರ್ಯಾಪಿನ ಮೆಮೊರಿ ಕಾರ್ಡು, ಆರೋಪಿಯ ಮೊಬೈಲು. ಪಿರಿಯಾಪಟ್ಟಣದ ತಂಬಾಕು ಬೆಳೆಗಾರರೊಬ್ಬರ ಖಾತೆಗೆ ಹರಾಜಿನ ಹಣ ಬಂದ ಮರುದಿನವೇ ಯಾರೋ ಅದನ್ನು ಲಪಟಾಯಿಸಿದರೆ ಅವರ ಫೋನೇ ಸಾಕ್ಷಿ. ಕೆ.ಆರ್. ನಗರದ ಅಕ್ಕಿ ಗಿರಣಿಯ ಪಾಲುದಾರರು ಲೆಕ್ಕಕ್ಕಾಗಿ ನ್ಯಾಯಾಲಯ ಹತ್ತಿದರೆ ಗಿರಣಿಯ ಕಂಪ್ಯೂಟರು ಸಾಕ್ಷಿ. ಇವೆಲ್ಲ ಮುದ್ದೆಮಾಲಿನ ಕೋಣೆ ಸೇರಿದ ಮೇಲೆ ಯಾರೋ ಒಬ್ಬರು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಓದಬೇಕು. ಆ ಇನ್ನೊಂದು ಕಂಪ್ಯೂಟರಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಅದನ್ನು ಹೇಗೆ ಆರಿಸಬೇಕು, ಹೇಗೆ ಹೊಂದಿಸಬೇಕು, ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು ಎಂಬುದೇ ವಿಷಯ.

ಈ ಮಾತು ಈಗ ಯಾಕೆ ಎಂದರೆ, 2024ರ ಜುಲೈ 1ರಿಂದ ಕಾನೂನು ಬದಲಾಗಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ಎರಡು ಭಾಗಗಳಲ್ಲಿ ಮೊದಲನೆಯದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಎರಡನೆಯದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಲೇಬೇಕು. ಒಂದು ಡಿಸ್ಕಿನಲ್ಲಿರುವ ಎಲ್ಲ ಮಾಹಿತಿಯನ್ನೂ ಗಣಿತದ ಒಂದು ಸೂತ್ರಕ್ಕೆ ಒಡ್ಡಿದಾಗ ಹೊರಬರುವ ಅಂಕಿ-ಅಕ್ಷರಗಳ ಸಾಲೇ ಹ್ಯಾಶ್. ಶಾ-256 ಎಂಬ ಸೂತ್ರದಲ್ಲಿ ಆ ಸಾಲು 64 ಚಿಹ್ನೆಗಳಷ್ಟಿರುತ್ತದೆ. ಡಿಸ್ಕಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಹಳೆಯ ಕಾಯಿದೆಯ 65ಬಿ ಕಲಮಿನ ಕಾಲದಲ್ಲೇ, 2014ರ ಅನ್ವರ್ ಪ್ರಕರಣದಲ್ಲಿ ಮತ್ತು 2020ರ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ, ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಈಗ ಹ್ಯಾಶ್ ಕೂಡ ನಮೂನೆಯೊಳಗೇ ಬಂದಿದೆ. ಜೊತೆಗೆ, 7 ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ರಾಜ್ಯಗಳಿಗೆ ಇದನ್ನು ಜಾರಿಗೆ ತರಲು 5 ವರ್ಷದ ಅವಕಾಶವಿದೆ.

ನಮ್ಮ ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ ಇರುವುದು ಬೆಂಗಳೂರಿನ ಮಡಿವಾಳದಲ್ಲಿ. ಮೈಸೂರಿನಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದೆ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಜಿಲ್ಲೆಗೊಂದು ಸೆನ್ ಠಾಣೆಯೂ ಇದೆ. ಆದರೆ ಡಿ.ಬಿ. ಕುಪ್ಪೆಯಲ್ಲಿ ಸಿಕ್ಕ ಮೆಮೊರಿ ಕಾರ್ಡು, ಬೈಲಕುಪ್ಪೆಯಲ್ಲಿ ಸಿಕ್ಕ ಲ್ಯಾಪ್‌ಟಾಪು, ಸಾಲಿಗ್ರಾಮದಲ್ಲಿ ಸಿಕ್ಕ ಡಿವಿಆರು ಎಲ್ಲವೂ ಆ ಪ್ರಯೋಗಾಲಯಗಳಿಗೇ ಹೋಗಿ ಸರದಿ ನಿಲ್ಲಬೇಕೆಂದರೆ ಅದರ ಬೆಲೆ ತೆರುವವರು ಬಡವರು. ಫೋನು ಠಾಣೆಯಲ್ಲಿದ್ದಷ್ಟು ದಿನವೂ ಅದರ ಒಡೆಯನಿಗೆ ಬ್ಯಾಂಕಿನ ಒಟಿಪಿ ಇಲ್ಲ, ದೂರದಲ್ಲಿ ಓದುವ ಮಗಳ ಕರೆಯಿಲ್ಲ. ತಪ್ಪು ಮಾಡದೆ ಜೈಲಿನಲ್ಲಿ ಕುಳಿತವನಿಗಂತೂ ಡಿವಿಆರಿನ ಹತ್ತು ನಿಮಿಷದ ದೃಶ್ಯವೇ ಬಿಡುಗಡೆಯ ದಾರಿಯಾಗಿರಬಹುದು. ಆದ್ದರಿಂದ ನನ್ನ ವಾದ ಇಷ್ಟು. ಆಳವಾದ ಪರೀಕ್ಷೆ ಪ್ರಯೋಗಾಲಯದಲ್ಲೇ ನಡೆಯಲಿ. ಆದರೆ ನಕಲು ತೆಗೆಯುವುದು, ಹ್ಯಾಶ್ ಬರೆಯುವುದು, ಮೊದಲ ನೋಟದ ಶೋಧ ನಡೆಸುವುದು, ಈ ಮೂರು ಕೆಲಸ ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಎಂಬ ಈ ನಾಲ್ಕು ತಾಲ್ಲೂಕುಗಳ ಆಸುಪಾಸಿನಲ್ಲೇ, ಸಾಧ್ಯವಾದರೆ ಅಮಾನತಾದ ದಿನವೇ ಆಗಬೇಕು. ಅದಕ್ಕೆ ಬೇಕಾದ ಯಂತ್ರ ಭಾರಿ ದುಬಾರಿಯದಲ್ಲ. ಅದನ್ನು ಹೊಂದಿಸುವ ಕ್ರಮ ಗೊತ್ತಿರಬೇಕು, ಅಷ್ಟೆ.

ಕಂಪ್ಯೂಟರ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಪ್ರೊಸೆಸರ್ ಯಾವುದು ಎಂಬುದು. ಈ ಕೆಲಸಕ್ಕೆ ಆ ಪ್ರಶ್ನೆ ಕೊನೆಯ ಸಾಲಿಗೆ ಸೇರಿದ್ದು. ಹನಗೋಡು ಅಣೆಕಟ್ಟೆಯ ನಾಲೆ ಎಷ್ಟೇ ಅಗಲವಿರಲಿ, ಗದ್ದೆಗೆ ಬೀಳುವ ನೀರನ್ನು ನಿರ್ಧರಿಸುವುದು ತೂಬು. ಇಲ್ಲಿ ತೂಬು ಎಲ್ಲಿದೆ ಎಂದು ಲೆಕ್ಕ ಹಾಕಿ ನೋಡೋಣ. ಡಿವಿಆರಿನೊಳಗೆ 4 ಟೆರಾಬೈಟಿನ ತಿರುಗುವ ಹಾರ್ಡ್ ಡಿಸ್ಕ್ ಇದೆ ಎನ್ನಿ. ಅದು ಸೆಕೆಂಡಿಗೆ ಸರಾಸರಿ 150 ಮೆಗಾಬೈಟ್ ಕೊಟ್ಟರೆ ಪೂರ್ತಿ ನಕಲಿಗೆ ಹತ್ತಿರ ಹತ್ತಿರ ಏಳೂವರೆ ಗಂಟೆ ಬೇಕು. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ ಸೆಕೆಂಡಿಗೆ 35 ಮೆಗಾಬೈಟ್ ಬಂದರೆ ಹೆಚ್ಚು. ಆಗ 31 ಗಂಟೆ ಮೀರುತ್ತದೆ. ಪ್ರೊಸೆಸರ್ ಎಷ್ಟೇ ಬಲಶಾಲಿಯಾಗಿದ್ದರೂ ಈ ಅವಧಿ ಕಡಿಮೆಯಾಗುವುದಿಲ್ಲ. ಫೋನಿನ ವಿಷಯವೂ ಇದೇ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳ ಕಿಂಡಿ ಇವತ್ತಿಗೂ ಯುಎಸ್‌ಬಿ 2 ವೇಗದ್ದು. 128 ಗಿಗಾಬೈಟ್ ತುಂಬಿದ ಫೋನಿನಿಂದ ಎಲ್ಲವನ್ನೂ ಹೊರತೆಗೆಯಲು ಆ ಕಿಂಡಿಯೊಂದೇ ಒಂದು ಗಂಟೆ ತೆಗೆದುಕೊಳ್ಳುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಠಾಣೆಗೆ ಬರುವ ಸಾಕ್ಷ್ಯದಲ್ಲಿ ಫೋನು ಮತ್ತು ಡಿವಿಆರುಗಳದೇ ದೊಡ್ಡ ಪಾಲು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಂತ್ರ ಆರಿಸಬೇಕು.

ಮೊದಲ ಹಣ ರೈಟ್ ಬ್ಲಾಕರ್‌ಗೆ. ಅಂಗೈಯಗಲದ ಈ ಸಾಧನ ಸಾಕ್ಷ್ಯದ ಡಿಸ್ಕಿಗೂ ನಮ್ಮ ಕಂಪ್ಯೂಟರಿಗೂ ನಡುವೆ ಕೂರುತ್ತದೆ. ಓದುವ ಆದೇಶಗಳನ್ನು ಒಳಗೆ ಬಿಡುತ್ತದೆ, ಬರೆಯುವ ಆದೇಶಗಳನ್ನು ತಡೆಯುತ್ತದೆ. ಇದರ ಅಗತ್ಯ ಬಹಳ ಜನರಿಗೆ ತಿಳಿಯದು. ವಿಂಡೋಸ್ ಇರುವ ಕಂಪ್ಯೂಟರಿಗೆ ಒಂದು ಡಿಸ್ಕ್ ಚುಚ್ಚಿದ ಕೂಡಲೇ, ನಾವು ಮೌಸ್ ಮುಟ್ಟದಿದ್ದರೂ, ವ್ಯವಸ್ಥೆ ತನ್ನ ಪಾಡಿಗೆ ತಾನು ಅದರ ಮೇಲೆ ಬರೆದುಬಿಡುತ್ತದೆ. ತನ್ನದೊಂದು ಫೋಲ್ಡರ್ ತೆರೆಯುತ್ತದೆ, ಕೆಲವು ಸಮಯದ ಗುರುತುಗಳನ್ನು ಬದಲಿಸುತ್ತದೆ. ಅಲ್ಲಿಗೆ ಹ್ಯಾಶ್ ಬದಲಾಯಿತು. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು "ಅಮಾನತಿನ ನಂತರದ ದಿನಾಂಕ ಈ ಡಿಸ್ಕಿನಲ್ಲಿ ಹೇಗೆ ಬಂತು?" ಎಂದು ಕೇಳಿದರೆ ಉತ್ತರವಿರುವುದಿಲ್ಲ. ತಂತ್ರಾಂಶದಿಂದಲೂ ಬರವಣಿಗೆ ತಡೆಯಬಹುದು. ಕೇನ್‌ನಂಥ ಲಿನಕ್ಸ್ ಆವೃತ್ತಿಗಳು ಅದನ್ನು ಚೆನ್ನಾಗಿಯೇ ಮಾಡುತ್ತವೆ. ಆದರೂ ಕಟಕಟೆಯಲ್ಲಿ ನಿಂತು ವಿವರಿಸಲು ಸುಲಭವಾದದ್ದು ಕೈಯಲ್ಲಿ ಹಿಡಿದು ತೋರಿಸಬಹುದಾದ ಸಾಧನ. ಸಾಟಾ ಮತ್ತು ಯುಎಸ್‌ಬಿ ಎರಡಕ್ಕೂ ಒಂದೊಂದು ಬೇಕು. ಹೊಸ ಲ್ಯಾಪ್‌ಟಾಪುಗಳ ಎನ್‌ವಿಎಂಇ ಡಿಸ್ಕಿಗೆ ಬೇರೆ ಜೋಡಣೆಯೇ ಬೇಕು, ಅದನ್ನು ಮರೆಯಬಾರದು.

ಒಂದು ಎಚ್ಚರಿಕೆ. ಎಸ್‌ಎಸ್‌ಡಿ ಜಾತಿಯ ಡಿಸ್ಕುಗಳು ವಿದ್ಯುತ್ ಸಿಕ್ಕ ಕ್ಷಣದಿಂದ ಒಳಗೊಳಗೇ ಅಳಿಸಿದ ಜಾಗಗಳನ್ನು ಶುಚಿಮಾಡಿಕೊಳ್ಳಲು ತೊಡಗಬಹುದು. ಇದನ್ನು ರೈಟ್ ಬ್ಲಾಕರ್ ತಡೆಯಲಾರದು. ಹಾಗಾಗಿ ಅವನ್ನು ಸುಮ್ಮನೆ ಚಾಲೂ ಇಟ್ಟುಕೊಂಡು ನೋಡುತ್ತಾ ಕೂರಬಾರದು, ಜೋಡಿಸಿದ ಕೂಡಲೇ ನಕಲು ಶುರುವಾಗಬೇಕು. ಹಾಗೆಂದು ವರ್ಷಗಟ್ಟಲೆ ಮುದ್ದೆಮಾಲಿನ ಕೋಣೆಯಲ್ಲಿ ಬಿಟ್ಟರೆ, ಸವೆದ ಫ್ಲಾಶ್ ಮೆಮೊರಿ ವಿದ್ಯುತ್ತಿಲ್ಲದೆ ನಿಧಾನವಾಗಿ ತನ್ನೊಳಗಿನದನ್ನು ಕಳೆದುಕೊಳ್ಳಲೂಬಹುದು. ಕ್ಯಾಮೆರಾ ಟ್ರ್ಯಾಪಿನ ಕಾರ್ಡುಗಳಿಗೂ ಈ ಮಾತು ಅನ್ವಯ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿ ಎಣಿಕೆಗೆ ಕ್ಯಾಮೆರಾ ಕಟ್ಟಿದಾಗ ಅದರಲ್ಲಿ ಫಿಲ್ಮ್ ಸುರುಳಿ ಇರುತ್ತಿತ್ತು, ನೆಗೆಟಿವ್ ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿತ್ತು. ಇಂದಿನ ಕಾರ್ಡಿನಲ್ಲಿ ಹುಲಿಯ ಚಿತ್ರದ ಪಕ್ಕದಲ್ಲೇ ಬೇಟೆಗಾರನ ಮುಖವೂ ಸಿಗಬಹುದು. ಆದರೆ ಅದು ಉಳಿಯುವುದು ಬೇಗ ನಕಲು ತೆಗೆದು ಹ್ಯಾಶ್ ಬರೆದವರಿಗೆ.

ಎರಡನೆಯ ಹಣ ಡಿಸ್ಕುಗಳಿಗೆ. ಒಂದೇ ದೊಡ್ಡ ಡಿಸ್ಕಿನಲ್ಲಿ ಎಲ್ಲವನ್ನೂ ತುಂಬುವ ಅಭ್ಯಾಸ ಇಲ್ಲಿ ನಡೆಯದು. ವಿಂಡೋಸ್ ಅಥವಾ ಲಿನಕ್ಸ್‌ಗೆ ಒಂದು ಎನ್‌ವಿಎಂಇ ಡಿಸ್ಕ್, 1 ಟೆರಾಬೈಟ್ ಸಾಕು. ಶೋಧದ ಸೂಚಿ ಮತ್ತು ಪ್ರಕರಣದ ದತ್ತಕೋಶಕ್ಕೆ ಬೇರೆಯೇ ಒಂದು ಎನ್‌ವಿಎಂಇ, 2 ಟೆರಾಬೈಟಿನದು. ಈ ಎರಡನೆಯದರ ಮೇಲೆ ಇಡೀ ದಿನ ಬರೆಯುತ್ತಲೇ ಇರುತ್ತೇವೆ, ಆದ್ದರಿಂದ ಅಗ್ಗದ ಕ್ಯುಎಲ್‌ಸಿ ಜಾತಿ ಬೇಡ. ಅದರ ವೇಗ ಮೊದಲ ಕೆಲವು ನಿಮಿಷ ಮಾತ್ರ, ಆಮೇಲೆ ತಿರುಗುವ ಡಿಸ್ಕಿಗಿಂತಲೂ ಕೆಳಗಿಳಿಯುವುದುಂಟು. ಟಿಎಲ್‌ಸಿ ಇರಲಿ, ಅದರಲ್ಲೂ ಡಿರ್‍ಯಾಮ್ ಇರುವಂಥದ್ದು ಇರಲಿ. ಸಾಕ್ಷ್ಯದ ನಕಲುಗಳಿಗೆ 8ರಿಂದ 16 ಟೆರಾಬೈಟಿನ ತಿರುಗುವ ಡಿಸ್ಕುಗಳು, ಎರಡೆರಡಾಗಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವಂತೆ ರೇಡ್-1 ವಿಧಾನದಲ್ಲಿ. ಕೊಳ್ಳುವಾಗ ಸಿಎಂಆರ್ ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಎಂಬ ಇನ್ನೊಂದು ಜಾತಿ ಅಗ್ಗ, ಆದರೆ ಗಂಟೆಗಟ್ಟಲೆ ಬರೆಯುವ ಕೆಲಸದಲ್ಲಿ ಏದುಸಿರು ಬಿಡುತ್ತದೆ. ವೇಗದ ಆಸೆಗೆ ರೇಡ್-0 ಮಾಡಿ ಸಾಕ್ಷ್ಯ ಇಡುವುದನ್ನಂತೂ ನಾನು ಒಪ್ಪುವುದಿಲ್ಲ. ಅದರಲ್ಲಿ ಒಂದು ಡಿಸ್ಕ್ ಸತ್ತರೆ ಎರಡೂ ಸತ್ತಂತೆ. ರೇಡ್-1 ಇದ್ದರೂ ಬೇರೆ ಕಟ್ಟಡದಲ್ಲಿ, ಬೀಗದೊಳಗೆ ಇನ್ನೊಂದು ಪ್ರತಿ ಇರಲೇಬೇಕು.

ಮದರ್‌ಬೋರ್ಡಿನ ವಿಷಯದಲ್ಲಿ ಒಂದು ಸಣ್ಣ ಬಲೆಯಿದೆ. ಬಹಳ ಬೋರ್ಡುಗಳಲ್ಲಿ ಎರಡನೆಯ ಅಥವಾ ಮೂರನೆಯ ಎಂ.2 ಕಿಂಡಿ ತುಂಬಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎರಡೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಮೈಸೂರಿನಿಂದ ಪೆಟ್ಟಿಗೆ ತರಿಸಿ ಬಿಚ್ಚಿದ ಮೇಲೆ ಇದು ಗೊತ್ತಾದರೆ ಏನು ಫಲ? ಕೈಪಿಡಿಯನ್ನು ಮೊದಲೇ ಓದಿ, ಬೇಕಾದ ಡಿಸ್ಕು, ಬೇಕಾದ ಕಿಂಡಿಗಳ ಲೆಕ್ಕವನ್ನು ಕಾಗದದ ಮೇಲೆ ಹಾಕಿ ಆಮೇಲೆ ಆದೇಶ ಕೊಡಬೇಕು. ರೈಟ್ ಬ್ಲಾಕರನ್ನು ಯಾವಾಗಲೂ ಹಿಂಬದಿಯ, ಬೋರ್ಡಿಗೆ ನೇರವಾಗಿ ಅಂಟಿದ ಯುಎಸ್‌ಬಿ ಕಿಂಡಿಗೇ ಜೋಡಿಸಿ. ಮುಂಬದಿಯ ಕಿಂಡಿಗಳು ಒಳಗಿನ ಉದ್ದ ತಂತಿಯ ಮೂಲಕ ಹೋಗುತ್ತವೆ, ಸಂಪರ್ಕ ಸಡಿಲವಾಗುವ ಸಾಧ್ಯತೆ ಅಲ್ಲಿ ಹೆಚ್ಚು.

ಮೂರನೆಯದು ವಿದ್ಯುತ್ತು. ನಗರದವರು ಬರೆದ ಪಟ್ಟಿಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಕಡೆ ಹಾಗಲ್ಲ. ಆಷಾಢದ ಗಾಳಿಗೆ ಕೊಡಗಿನ ಸೆರಗಿನಲ್ಲಿರುವ ಹುಣಸೂರು, ಪಿರಿಯಾಪಟ್ಟಣದ ಊರುಗಳಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಕರೆಂಟು ಹೋಗಿ ಬಂದು, ಬಂದು ಹೋಗಿ ಆಡುತ್ತದೆ. ಏಳೂವರೆ ಗಂಟೆಯ ನಕಲಿನಲ್ಲಿ ಏಳನೆಯ ಗಂಟೆಗೆ ಯಂತ್ರ ಆರಿದರೆ ಮತ್ತೆ ಮೊದಲಿನಿಂದ. ಡಿಸ್ಕು ಮೊದಲೇ ಹಳತಾಗಿದ್ದರೆ ಎರಡನೆಯ ಸಲ ಅದು ಓದಿಸಿಕೊಳ್ಳುತ್ತದೆ ಎಂಬ ಭರವಸೆಯೂ ಇಲ್ಲ. ಆದ್ದರಿಂದ ಯುಪಿಎಸ್ ಆನ್‌ಲೈನ್ ಬಗೆಯದೇ ಆಗಿರಬೇಕು. ಅದು ಬಂದ ವಿದ್ಯುತ್ತನ್ನು ಪೂರ್ತಿ ಡಿಸಿಗೆ ಇಳಿಸಿ ಮತ್ತೆ ಎಸಿ ಮಾಡಿ ಕೊಡುತ್ತದೆ, ಹೊರಗಿನ ಏರಿಳಿತ ಯಂತ್ರಕ್ಕೆ ತಟ್ಟುವುದಿಲ್ಲ. ಜನರೇಟರಿನ ತೊದಲುವ ವಿದ್ಯುತ್ತಿಗೂ ಇದೇ ಮದ್ದು.

ಬ್ಯಾಟರಿಯ ಲೆಕ್ಕ ಹೀಗೆ. ಯಂತ್ರವೂ ಮಾನಿಟರೂ ಸೇರಿ 300 ವ್ಯಾಟ್ ಎಳೆಯುತ್ತವೆ ಎನ್ನಿ. 8 ಗಂಟೆಗೆ 2,400 ವ್ಯಾಟ್-ಗಂಟೆ ಬೇಕು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಒಂದು ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ಇರುತ್ತದೆ. ಪೂರ್ತಿ ಹೀರಬಾರದು, ಪರಿವರ್ತನೆಯಲ್ಲೂ ಒಂದಿಷ್ಟು ಸೋರುತ್ತದೆ. ಎರಡು ಬ್ಯಾಟರಿ ಇಟ್ಟರೆ ತುದಿಗಾಲಿನಲ್ಲಿ ಮುಟ್ಟುತ್ತದೆ, ಮೂರಿದ್ದರೆ ನಿಶ್ಚಿಂತೆ. 36 ವೋಲ್ಟಿನ 1 ಕೆವಿಎ ಆನ್‌ಲೈನ್ ಯುಪಿಎಸ್‌ಗಳು ಮೂರು ಬ್ಯಾಟರಿಗೇ ಹೊಂದಿಕೊಂಡಿವೆ. ಬ್ಯಾಟರಿಗಳನ್ನು ಗಾಳಿಯಾಡುವ ಬೇರೆ ಜಾಗದಲ್ಲಿಡಿ. ಅರ್ಥಿಂಗ್ ಗುಂಡಿ ಹೊಸದಾಗಿ ತೆಗೆಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆದು, ಅದು 2 ವೋಲ್ಟಿನೊಳಗೆ ಇರುವವರೆಗೂ ಯಂತ್ರ ಚಾಲೂ ಮಾಡಬೇಡಿ.

ಧೂಳು, ಹೊಗೆಗಳ ಬಗ್ಗೆಯೂ ಹೇಳಬೇಕು. ಬೇಸಗೆಯಲ್ಲಿ ಕೆಮ್ಮಣ್ಣಿನ ಧೂಳು, ತಂಬಾಕು ಹದ ಮಾಡುವ ತಿಂಗಳುಗಳಲ್ಲಿ ಬ್ಯಾರನ್‌ಗಳ ಸೌದೆಯ ಹೊಗೆ. ಒಳಗೆ ಗಾಳಿ ಎಳೆಯುವ ಫ್ಯಾನುಗಳು ಹೊರಗೆ ತಳ್ಳುವವಕ್ಕಿಂತ ಹೆಚ್ಚಿರಲಿ, ಎಳೆಯುವ ಕಡೆ ತೊಳೆಯಬಹುದಾದ ಜಾಲರಿ ಇರಲಿ. ಸಂದಿಗಳಿಂದ ಧೂಳು ನುಗ್ಗುವುದು ಆಗ ಕಡಿಮೆ.

ಪ್ರೊಸೆಸರ್ ಮತ್ತು ರ‍್ಯಾಮ್ ಬಗ್ಗೆ ಎರಡೇ ಮಾತು. 12ರಿಂದ 16 ಕೋರಿನ ಪ್ರೊಸೆಸರ್ ಸಾಕು. ಶೋಧ ತಂತ್ರಾಂಶಗಳ ಎಷ್ಟೋ ಹಂತಗಳು ಅದಕ್ಕಿಂತ ಹೆಚ್ಚು ಕೋರುಗಳನ್ನು ಬಳಸಿಕೊಳ್ಳುವುದೇ ಇಲ್ಲ. ರ‍್ಯಾಮ್ 64 ಗಿಗಾಬೈಟ್ ಇರಲಿ, 32ರ ಎರಡು ಪಟ್ಟಿಗಳಾಗಿ. ಮುಂದೆ ಇನ್ನೆರಡು ಸೇರಿಸಲು ಜಾಗ ಉಳಿಯುತ್ತದೆ. ದೋಷ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಹೊಂದುವ ಬೋರ್ಡು ಸಿಕ್ಕರೆ ಅದನ್ನೇ ಆರಿಸಿ. ಹ್ಯಾಶ್ ಮೇಲೆ ನಿಂತ ಕೆಲಸದಲ್ಲಿ ಬಿಟ್ ತಪ್ಪದಿರುವುದಕ್ಕೆ ಬೆಲೆಯಿದೆ.

ಗ್ರಾಫಿಕ್ಸ್ ಕಾರ್ಡನ್ನು ಕೊನೆಗೆ ಇಟ್ಟಿದ್ದೇನೆ. ಪಾಸ್‌ವರ್ಡ್ ಒಡೆಯಲು ಅದು ಬೇಕು ಎನ್ನುವವರಿದ್ದಾರೆ. ಹಳೆಯ ಜಿಪ್ ಕಡತ, ಹಳೆಯ ಆಫೀಸ್ ಕಡತಗಳ ಮಟ್ಟಿಗೆ ಅದು ನಿಜ. ಆದರೆ ಇಂದಿನ ಫೋನಿನ ಬೀಗ ಫೋನಿನೊಳಗಿನ ಚಿಪ್ಪಿಗೆ ಕಟ್ಟಿಹಾಕಿದ್ದು. ಹೊರಗಿನ ಕಾರ್ಡು ಎಷ್ಟು ದೊಡ್ಡದಿದ್ದರೂ ಅದನ್ನು ಮುಟ್ಟಲಾರದು. ಬಿಟ್‌ಲಾಕರ್‌ನಂಥವು ಪ್ರತಿ ಊಹೆಗೂ ಬೇಕೆಂದೇ ಹೊತ್ತು ತಿನ್ನುವಂತೆ ಕಟ್ಟಿದವು. ಅಂಥ ಕೆಲಸವನ್ನು ಪ್ರಯೋಗಾಲಯಕ್ಕೆ ಕಳಿಸುವುದೇ ಸರಿ. ಆ ಹಣದಲ್ಲಿ ಇನ್ನೊಂದು ಜೊತೆ ಡಿಸ್ಕು, ಎರಡು ಒಳ್ಳೆಯ ಮಾನಿಟರು, ಫೋನುಗಳಿಗೆ ನೆಟ್‌ವರ್ಕ್ ತಾಗದಂತೆ ತಡೆಯುವ ಫ್ಯಾರಡೆ ಚೀಲಗಳು, ಮತ್ತು ಒಂದು ಒಳ್ಳೆಯ ಹೆಡ್‌ಫೋನ್ ಬರುತ್ತವೆ. ಹೆಡ್‌ಫೋನ್ ಯಾಕೆ? ನಮ್ಮ ಜನ ವಾಟ್ಸಾಪಿನಲ್ಲಿ ಬರೆಯುವುದಕ್ಕಿಂತ ಮಾತಾಡಿ ಕಳಿಸುವುದು ಹೆಚ್ಚು. ಕನ್ನಡ ಧ್ವನಿಯನ್ನು ಬರಹಕ್ಕಿಳಿಸುವ ತಂತ್ರಾಂಶಗಳು ಬಂದಿವೆ, ಆದರೆ ಹಾಡಿಯ ಜೇನುಕುರುಬ ನುಡಿಯನ್ನೋ ಬಾವಲಿ ಗಡಿಯ ಮಲಯಾಳ ಬೆರೆತ ಮಾತನ್ನೋ ಅವು ಸರಿಯಾಗಿ ಹಿಡಿಯುತ್ತವೆ ಎಂದು ನಂಬಿ ಒಬ್ಬರ ಮೇಲೆ ಆರೋಪ ಹೊರಿಸಲಾಗದು. ಮನುಷ್ಯರೇ ಕೂತು ಕಿವಿಗೊಟ್ಟು ಕೇಳಬೇಕು.

ತಂತ್ರಾಂಶಕ್ಕೆ ಬಹಳ ಖರ್ಚು ಬೇಡ. ನಕಲಿಗೆ ಗೈಮೇಜರ್, ಕೆಟ್ಟ ಡಿಸ್ಕಿಗೆ ಡಿಡಿರೆಸ್ಕ್ಯೂ, ಶೋಧಕ್ಕೆ ಆಟೊಪ್ಸಿ, ಎಲ್ಲವೂ ಉಚಿತ. ನಮ್ಮದೇ ದೇಶದ ಸಿ-ಡ್ಯಾಕ್ ಸಂಸ್ಥೆ ತಿರುವನಂತಪುರದಲ್ಲಿ ಸೈಬರ್‌ಚೆಕ್ ಎಂಬ ತಂತ್ರಾಂಶ ಕಟ್ಟಿದೆ. ಆದರೆ ಇವು ಯಾವುದನ್ನು ಸ್ಥಾಪಿಸಿದರೂ ಕನ್ನಡಕ್ಕೆ ಹೊಂದಿಸದೆ ಬಿಟ್ಟರೆ ನಮ್ಮ ಊರಿನ ಸಾಕ್ಷ್ಯದ ಅರ್ಧ ಕಣ್ಣಿಗೇ ಬೀಳುವುದಿಲ್ಲ. ಗಿರಣಿಯ ಕಂಪ್ಯೂಟರಿನಲ್ಲಿ "ಸಾಲ" ಎಂದು ಹುಡುಕುತ್ತೀರಿ ಎನ್ನಿ. ಫೋನಿನ ಸಂದೇಶಗಳಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಸಾಮಾನ್ಯವಾಗಿ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಆಗಿರುತ್ತದೆ, ವಿಂಡೋಸಿನ ಕಡತದ ಹೆಸರುಗಳಲ್ಲಿ 2 ಬೈಟ್. ಹುಡುಕಾಟ ಎರಡನ್ನೂ ನೋಡುವಂತಿರಬೇಕು. ಅದಕ್ಕಿಂತ ದೊಡ್ಡ ತೊಡಕು ಹಳೆಯ ನುಡಿ ಮತ್ತು ಬರಹ ಫಾಂಟುಗಳದು. ಸರ್ಕಾರಿ ಕಚೇರಿ, ಪತ್ರಬರಹಗಾರರ ಅಂಗಡಿ, ಸಹಕಾರ ಸಂಘಗಳಲ್ಲಿ ವರ್ಷಗಟ್ಟಲೆ ಟೈಪಾದ ಕಾಗದಗಳಲ್ಲಿ ಒಳಗಿರುವುದು ಕನ್ನಡ ಅಕ್ಷರವೇ ಅಲ್ಲ. ನುಡಿಯಲ್ಲಿ "ಕ" ಎಂಬುದು ಕಂಪ್ಯೂಟರಿನ ಕಣ್ಣಿಗೆ ಇಂಗ್ಲಿಷಿನ ದೊಡ್ಡ "ಪಿ" ಮತ್ತು ತಲೆಯ ಮೇಲೆ ಗೀಟಿರುವ "ಎ". ಯೂನಿಕೋಡಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗದು, "ಏನೂ ಇಲ್ಲ" ಎಂಬ ವರದಿ ಬರುತ್ತದೆ. ಆದ್ದರಿಂದ ಪ್ರತಿ ಪ್ರಕರಣದ ಮುಖ್ಯ ಪದಗಳನ್ನು ಮೂರು ವೇಷದಲ್ಲಿ ಪಟ್ಟಿಮಾಡಿಟ್ಟುಕೊಳ್ಳಿ: ಯೂನಿಕೋಡ್ ಕನ್ನಡ, ನುಡಿಯ ಹಳೆಯ ಸಂಕೇತ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ. ಈ ಕೊನೆಯದಕ್ಕೆ ಕಾಗುಣಿತದ ಕಟ್ಟಳೆಯೇ ಇಲ್ಲ, ಒಂದು ಪದಕ್ಕೆ ನಾಲ್ಕಾರು ರೂಪ ಹಾಕಬೇಕು. ಟಿಬೆಟನ್ನರ ನೆಲೆಗಳಾದ ಬೈಲಕುಪ್ಪೆಯೂ ಗುರುಪುರವೂ ನಮ್ಮಲ್ಲೇ ಇರುವುದರಿಂದ ಟಿಬೆಟನ್ ಫಾಂಟು, ಕೇರಳದ ಗಡಿಯ ಕಾರಣಕ್ಕೆ ಮಲಯಾಳ ಫಾಂಟು ಕೂಡ ಯಂತ್ರದಲ್ಲಿರಲಿ. ಇಲ್ಲದಿದ್ದರೆ ಪರದೆಯ ಮೇಲೆ ಬರಿಯ ಚೌಕಗಳು ಕಾಣುತ್ತವೆ.

ಯಂತ್ರಕ್ಕೆ ಇಂಟರ್ನೆಟ್ ಕೊಡಬೇಡಿ. ತಂತ್ರಾಂಶದ ಪರಿಷ್ಕರಣೆಗಳನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪರೀಕ್ಷಿಸಿ ತನ್ನಿ. ಗಡಿಯಾರ ಭಾರತೀಯ ಕಾಲಮಾನಕ್ಕೆ ಸರಿಯಿದೆಯೇ ಎಂದು ಕೆಲಸಕ್ಕೆ ಮುಂಚೆ ನೋಡಿ. ಡಿವಿಆರಿನ ಗಡಿಯಾರವನ್ನು ಮಾತ್ರ ತಿದ್ದಬಾರದು. ಅದು ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಎಂಬುದನ್ನು ಅಮಾನತಿನ ಹೊತ್ತಿಗೇ ಮಹಜರಿನಲ್ಲಿ ಬರೆಸಿ. ಅಂಗಡಿ ಇಟ್ಟವರು ಕೇಳುತ್ತಿದ್ದರೆ ಅವರಿಗೂ ಒಂದು ಮಾತು. ಡಿವಿಆರ್ ಹಳೆಯ ದೃಶ್ಯದ ಮೇಲೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಘಟನೆಯಾದರೆ ತಡಮಾಡದೆ ತಿಳಿಸಿ, ನೀವೇ ಪೆನ್‌ಡ್ರೈವಿಗೆ ಇಳಿಸಲು ಹೋಗಿ ಮೆನು ತಡಕಾಡಬೇಡಿ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದವರು ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ, ಯಂತ್ರದ ಪಕ್ಕದಲ್ಲಿ ಒಂದು ದಪ್ಪ ರಟ್ಟಿನ ರಿಜಿಸ್ಟರ್ ಇರಬೇಕು. ಒಂದು ಹಳೆಯ ಪೆನ್‌ಡ್ರೈವಿನಲ್ಲಿ ಕೆಲವು ಕಡತ ತುಂಬಿ, ಅದರ ಹ್ಯಾಶನ್ನು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದು ಬೀರುವಿನಲ್ಲಿಡಿ. ಪ್ರತಿ ತಿಂಗಳ ಮೊದಲ ಕೆಲಸದ ದಿನ ಅದನ್ನು ರೈಟ್ ಬ್ಲಾಕರ್ ಮೂಲಕ ಜೋಡಿಸಿ, ಅದಕ್ಕೊಂದು ಕಡತ ಬರೆಯಲು ಯತ್ನಿಸಿ, ಆಮೇಲೆ ನಕಲು ತೆಗೆದು ಹ್ಯಾಶ್ ತಾಳೆ ನೋಡಿ, ಸಹಿ ಮಾಡಿ. ಯುಪಿಎಸ್‌ನ ಪ್ಲಗ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ನಿಂತಿತು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಹ್ಯಾಶ್ ಒಂದು ಅಕ್ಷರ ತಪ್ಪಿದರೂ ಆ ದಿನ ಯಾವ ಮುದ್ದೆಮಾಲಿನ ಮೊಹರನ್ನೂ ಒಡೆಯಬಾರದು, ಕಾರಣ ಸಿಗುವವರೆಗೆ ಯಂತ್ರ ನಿಂತಿರಲಿ.